ಗಡಿಯಾರ ನಿಲ್ಲಿಸಿದ ದಿನ

ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿಗೆ ಸೇರಿದಾಗ ನನಗೆ ಚೆನ್ನಾಗಿ ಬರೆಯಲು ಬರುತ್ತದೆ ಅನ್ನುವ ಧೈರ್ಯ ಇತ್ತು. ಮೊದಲ ವಾರವೇ ಮಲ್ಟಿಮೀಡಿಯಾ ಮೇಡಂ ಪೆನ್ನು ಕೆಳಗಿಡಿಸಿದರು. ಕೈಗೊಂದು ರೆಕಾರ್ಡರ್, ಕಿವಿಗೊಂದು ಹೆಡ್‌ಫೋನ್ ಕೊಟ್ಟು, "ಎಲ್ಲಾದರೂ 10 ನಿಮಿಷ ಸುಮ್ನೆ ಕೂತು ಕೇಳಿಸಿಕೊಂಡು ಬನ್ನಿ" ಅಂದರು.

ಆಗ ನಮ್ಮೆಲ್ಲರ ಬಾಯಲ್ಲೂ 'ಸ್ನೋ ಫಾಲ್' ಮಾತು. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ಹಿಮಕುಸಿತದ ವರದಿ ಅದು. ಅಕ್ಷರದ ನಡುವೆಯೇ ವಿಡಿಯೋ, ನಕ್ಷೆ ಎಲ್ಲಾ ಬರುತ್ತಿದ್ದವು. ಮರುವರ್ಷ ಅದಕ್ಕೆ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಕೂಡ ಬಂತು. ನಮಗೂ ಅಂಥದ್ದೊಂದು ಮಾಡುವ ಆಸೆ. ಮೇಡಂ ಅದನ್ನು ತೆರೆದು, ಪ್ರತಿ ವಿಡಿಯೋಗೂ ಒಂದೇ ಪ್ರಶ್ನೆ ಕೇಳಿದರು: "ಇದನ್ನು ಅಕ್ಷರದಲ್ಲೇ ಹೇಳಬಹುದಿತ್ತಾ?" ಇವತ್ತಿಗೂ ಕೆಲಸಕ್ಕೆ ಕೂತಾಗ ಆ ಪ್ರಶ್ನೆ ನನ್ನ ಪಕ್ಕದಲ್ಲೇ ಇರುತ್ತದೆ.

ಕ್ಯಾಮೆರಾ ಬೇಗ ಕೈಗೆ ಹತ್ತಿತು. ಮೊದಲು ಕೆಲಸ ಮಾಡುವ ಕೈ, ಆಮೇಲೆ ಮುಖ, ದೂರದಿಂದ ಇಡೀ ಕೋಣೆ, ಹೆಗಲ ಹಿಂದಿನಿಂದ ಒಂದು, ಕೊನೆಗೆ ಯಾರಿಗೂ ಹೊಳೆಯದ ಒಂದು ಕೋನ. ಪ್ರತಿ ಶಾಟ್ 10 ಸೆಕೆಂಡ್, ಅಲ್ಲಾಡಬಾರದು. ಕಷ್ಟ ಆಗಿದ್ದು ಸದ್ದು.

ನನ್ನ ಪ್ರಾಜೆಕ್ಟ್ ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜನ ಬಗ್ಗೆ. 40 ನಿಮಿಷ ಮಾತಾಡಿಸಿದೆ. ಹೆಡ್‌ಫೋನ್ ಹಾಕಿಕೊಂಡರೆ ಅವರಿಗೆ ಮುಜುಗರ ಆಗಬಹುದು ಅಂತ ಹಾಕಲಿಲ್ಲ. ಎಡಿಟ್‌ಗೆ ಕೂತಾಗ ಗೊತ್ತಾಯಿತು. ಅಜ್ಜನ ಪ್ರತಿ ಮಾತಿನ ಹಿಂದೆಯೂ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಒಂದು ವಾಕ್ಯ ಕತ್ತರಿಸಿದರೆ ಟಿಕ್ ಎಡವುತ್ತದೆ. ಎಲ್ಲೆಲ್ಲಿ ಕತ್ತರಿ ಆಡಿಸಿದೆ ಅಂತ ಗಡಿಯಾರವೇ ಸಾಕ್ಷಿ ಹೇಳುತ್ತಿತ್ತು.

ಮೇಡಂ ಬೈಯಲಿಲ್ಲ. "ಮತ್ತೆ ಹೋಗು. ಗಡಿಯಾರ ನಿಲ್ಲಿಸಲು ಕೇಳು. ಮಾತು ಮುಗಿದ ಮೇಲೆ ಬರೀ ಅದರ ಸದ್ದು 1 ನಿಮಿಷ ರೆಕಾರ್ಡ್ ಮಾಡು" ಅಂದರು.

ಹೋದೆ. ಅಜ್ಜ ಎದ್ದು ಪೆಂಡುಲಮ್ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಕೋಣೆ ತಣ್ಣಗಾಯಿತು. ಸ್ವಲ್ಪ ಹೊತ್ತು ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಮೆಲ್ಲಗೆ, "ಇಷ್ಟು ನಿಶ್ಶಬ್ದದಲ್ಲಿ ಕೂತು ಅಭ್ಯಾಸವೇ ಇಲ್ಲ" ಅಂದರು. ಹೋದ ಸಲ 40 ನಿಮಿಷದಲ್ಲಿ ಬಾರದ ಮಾತೆಲ್ಲಾ ಅಲ್ಲಿಂದ ಶುರುವಾಯಿತು.

ಆ 1 ನಿಮಿಷದ ಟಿಕ್ ಟಿಕ್ ಅನ್ನು ಅಜ್ಜನ ಕೈ ಕೆಲಸ ಮಾಡುವ ಶಾಟ್‌ಗಳ ಕೆಳಗೆ ಹಾಕಿದೆ. ಅದು ಸರಿಯಾ ಅಂತ ಕ್ಲಾಸಿನಲ್ಲಿ ಒಂದು ಗಂಟೆ ಜಗಳ ನಡೆಯಿತು. ಅದೇ ಕೋಣೆ, ಅದೇ ಗಡಿಯಾರ, ಅದೇ ದಿನ, ಹಾಗಾಗಿ ಸರಿ ಅಂತ ಮೇಡಂ ಒಪ್ಪಿದರು. ಬೇರೆ ಗಡಿಯಾರದ ಸದ್ದನ್ನು ಎಲ್ಲಿಂದಲೋ ತಂದು ಹಾಕಿದ್ದರೆ ಅದು ಸುಳ್ಳು. ಇಷ್ಟು ಸಣ್ಣ ವಿಷಯಕ್ಕೆ ಒಂದು ಗಂಟೆ ಕೊಟ್ಟ ಆ ಕ್ಲಾಸನ್ನು ನಾನು ತುಂಬಾ ಪ್ರೀತಿಸುತ್ತೇನೆ.

ಮುಗಿದ ವಿಡಿಯೋ ತೋರಿಸಲು ಅಜ್ಜನ ಹತ್ತಿರ ಹೋದೆ. ಹೆಡ್‌ಫೋನ್ ಹಾಕಿ ಕೂರಿಸಿದೆ. ಟಿಕ್ ಟಿಕ್ ಬರುವ ಜಾಗದಲ್ಲಿ ಅವರು ಕಣ್ಣು ಮುಚ್ಚಿದರು. ಇಷ್ಟವಾಯಿತು ಅಂದುಕೊಂಡೆ. ಅವರು ಹೆಡ್‌ಫೋನ್ ತೆಗೆದು, "ಬಡಿತ ಕುಂಟುತ್ತಿದೆ. ಅವತ್ತು ನಿಲ್ಲಿಸಿ ಮತ್ತೆ ಶುರು ಮಾಡುವಾಗ ವಾಲಿರಬೇಕು" ಅಂದರು. ನನಗೆ ಎಲ್ಲಾ ಟಿಕ್ ಒಂದೇ ಥರ ಕೇಳಿಸಿತ್ತು. ಅಜ್ಜ ಎದ್ದು ಹೋಗಿ, ಗಡಿಯಾರದ ಬುಡವನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ, ಗೋಡೆಗೆ ಕಿವಿ ಕೊಟ್ಟು ನಿಂತರು.

ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ನಾನೂ ಪಕ್ಕದಲ್ಲಿ ಹೋಗಿ ಕಿವಿ ಕೊಟ್ಟೆ.