ಸತ್ತರಿಯ ಭಟ್ಟಿಗಳಲ್ಲಿ ಒಳ್ಳೆಯ ಫೆನಿ ಹುಡುಕುತ್ತಾ

ಗೋವಾದ ಕಲಂಗೂಟ್ ಬೀಚ್ ಕಡೆಯ ಅಂಗಡಿಗಳಲ್ಲಿ ಫೆನಿ, ಅಂದರೆ ಗೇರುಹಣ್ಣಿನ ರಸದಿಂದ ಭಟ್ಟಿ ಇಳಿಸಿದ ಮದ್ಯ, ಕೊಳ್ಳುವವರು ನಿಜವಾಗಿ ಕೊಳ್ಳುವುದು ಬಾಟಲಿಯನ್ನು. ತೆಂಗಿನಕಾಯಿ ಆಕಾರದ್ದು, ಮೈಗೆ ಹಗ್ಗ ಸುತ್ತಿದ್ದು, ಮರದ ಬಿರಡೆಯದ್ದು. ಮನೆಯ ಶೋಕೇಸಿಗೆ ಚೆಂದವೇ. ಆದರೆ ಒಂದು ಗುಟುಕು ಕುಡಿದವರು ಮುಖ ಕಿವುಚಿ, ‘ಇದನ್ನ ಯಾರು ಕುಡೀತಾರೆ ಮಾರಾಯಾ’ ಎಂದು ಪಕ್ಕಕ್ಕಿಡುತ್ತಾರೆ. ಒಳ್ಳೆಯ ಮಾಲು ಕಡಿಮೆ ದುಡ್ಡಿಗೆ ಬೇಕಾದರೆ ಸಮುದ್ರಕ್ಕೆ ಬೆನ್ನು ಹಾಕಿ ಘಟ್ಟದ ಕಡೆ ಹೋಗಬೇಕು ಅನ್ನುವುದು ನಮ್ಮ ಮಾವನ ವಾದ. ಮಾವ ಹಾವೇರಿ ಕಡೆಯವರು. ಹರೆಯದಲ್ಲಿ ಕೆಲಸ ಹುಡುಕಿಕೊಂಡು ಗೋವಾಕ್ಕೆ ಬಂದರು. ಈಗ ಫೋಂಡಾದಲ್ಲಿ ಟೈರ್ ಅಂಗಡಿ ಇಟ್ಟಿದ್ದಾರೆ. ಸತ್ತರಿ ತಾಲೂಕಿನ ಭಟ್ಟಿಯವರ ಪಿಕಪ್ ಗಾಡಿಗಳು ಪಂಕ್ಚರ್ ಆದರೆ ಅವರ ಬಾಗಿಲಿಗೇ ಬರುತ್ತವೆ. ಯಾರ ಮಾಲು ಹೇಗೆ ಅನ್ನೋದು ಅವರಿಗೆ ಬಾಯಿಪಾಠ.

ಹೋಗಬೇಕಾದದ್ದು ಏಪ್ರಿಲ್‌ನಲ್ಲಿ. ಗೇರುಹಣ್ಣಿನ ಸುಗ್ಗಿ ಫೆಬ್ರುವರಿ ಕೊನೆಗೆ ಶುರುವಾಗಿ ಮೇ ಹೊತ್ತಿಗೆ ಮುಗಿಯುತ್ತದೆ. ನಾನು ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದೆ. ಒಂದು ತಿರುವಿನಲ್ಲಿ ಕೆಳಗೆ ಅಂಜುಣೆ ಡ್ಯಾಮಿನ ನೀರು ಕಾಣಿಸಿತು. ಕೇರಿ ಊರು ಹತ್ತಿರ ಬಂದಾಗ ಕಿಟಕಿ ಇಳಿಸಿದೆ, ಕಳಿತ ಗೇರುಹಣ್ಣಿನ ವಾಸನೆ ಒಳಗೆ ನುಗ್ಗಿತು. ಆ ವಾಸನೆ ಕೆಲವರಿಗೆ ಆಗುವುದೇ ಇಲ್ಲ. ಆಗದವರು ಫೆನಿಯ ತಂಟೆಗೆ ಹೋಗದಿರುವುದೇ ಒಳ್ಳೆಯದು, ಏಕೆಂದರೆ ಕೊನೆಗೆ ಗ್ಲಾಸಿನಲ್ಲಿ ಉಳಿಯುವುದೂ ಅದೇ.

ಮರುದಿನ ಮಾವನ ಸ್ಕೂಟರ್‌ನಲ್ಲಿ ಉಸಗಾಂವ್ ಮೇಲೆ ವಾಳಪೈ ಕಡೆ ಹೊರಟೆವು. ಪೇಟೆ ದಾಟಿ ಒಳದಾರಿ ಹಿಡಿದ ಮೇಲೆ ಎರಡೂ ಬದಿ ಗುಡ್ಡ, ಗುಡ್ಡದ ತುಂಬ ಗೇರು. ಗಿಡದ ಕೆಳಗೆ ಹೆಂಗಸರು ಹಣ್ಣು ಆರಿಸುತ್ತಿದ್ದರು. ಗಿಡದಿಂದ ಯಾರೂ ಕೀಳುವುದಿಲ್ಲ. ತಾನಾಗಿ ಬಿದ್ದ ಹಣ್ಣೇ ಬೇಕು. ಬಿದ್ದದ್ದು ಪೂರ್ತಿ ಕಳಿತದ್ದು, ಸಿಹಿ ಜಾಸ್ತಿ. ಕೈಗೆ ಬಂದ ಹಣ್ಣಿನಿಂದ ಬೀಜವನ್ನು ಒಂದೇ ತಿರುವಿಗೆ ಕಿತ್ತು ಬೇರೆ ಬುಟ್ಟಿಗೆ ಹಾಕುತ್ತಾರೆ. ಬೀಜ ಗೋಡಂಬಿ ಕಾರ್ಖಾನೆಗೆ, ಹಣ್ಣು ಭಟ್ಟಿಗೆ.

ಈ ಗಿಡವನ್ನು ಬ್ರೆಜಿಲ್‌ನಿಂದ ತಂದವರು ಪೋರ್ಚುಗೀಸರು, 16ನೇ ಶತಮಾನದಲ್ಲಿ. ಅದಕ್ಕೂ ಮೊದಲು ಇಲ್ಲಿಯವರು ತೆಂಗಿನ ಕಳ್ಳಿನಿಂದ ಇಳಿಸುತ್ತಿದ್ದರು, ದಕ್ಷಿಣ ಗೋವಾದಲ್ಲಿ ಈಗಲೂ ಇಳಿಸುತ್ತಾರೆ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ (ಜಿಐ) ಟ್ಯಾಗ್ ಸಿಕ್ಕಿತು. 2016ರಲ್ಲಿ ಗೋವಾ ಸರ್ಕಾರ ಅದನ್ನು ನಾಡಸಾರಾಯಿಯ ಸಾಲಿನಿಂದ ತೆಗೆದು ಪರಂಪರೆಯ ಪೇಯ ಅಂತ ಘೋಷಿಸಿತು. ಆಮೇಲೆ ಬಾಟಲಿಗಳ ಮುಖ ಬದಲಾಯಿತು, ರೇಟೂ ಏರಿತು. ‘ಭಟ್ಟಿಯಾಂವಂದು ಮಾತ್ರ ಅದ ಹಳೇ ಕಥಿ ನೋಡು, ಡಬ್ಬಿಗಟ್ಟಲೆ ಮಾರ್ತಾನ, ಹೆಸರು ಮಾಡೋವ್ರು ಬ್ಯಾರೆ’ ಅಂದರು ಮಾವ.

ನಾವು ಹೋದ ಭಟ್ಟಿ ಎಂದರೆ ಅಡಿಕೆ ಸೋಗೆ ಹೊದಿಸಿದ ಒಂದು ಚಪ್ಪರ, ಹಿಂದೆ ಹಳ್ಳ, ಮುಂದೆ ಕಟ್ಟಿಗೆಯ ರಾಶಿ. ಒಲೆ ಮುಂದೆ ಕೂತಿದ್ದ ಹುಡುಗ ನಮ್ಮ ಮಾತು ಕೇಳಿ ತಿರುಗಿ ನೋಡಿದ. ‘ನೀವು ಯಾವ ಕಡೆಯವರ್ರೀ? ನಾನು ರಾಣೆಬೆನ್ನೂರಾಂವ’ ಅಂದ. ಯಜಮಾನರು ಕೊಂಕಣಿಯವರು, ಕೆಲಸದವರಲ್ಲಿ ಅರ್ಧ ನಮ್ಮವರೇ. ಮುಂದಿನ ಪಾಠವೆಲ್ಲ ಕನ್ನಡದಲ್ಲೇ ಆಯಿತು.

ಹಣ್ಣು ತುಳಿಯಲು ಬಂಡೆಯಲ್ಲೇ ಕೊರೆದ ತೊಟ್ಟಿ ಇದೆ. ಹಿಂದೆ ಕಾಲಲ್ಲಿ ತುಳಿಯುತ್ತಿದ್ದರು. ಈಗ ಬಹಳ ಕಡೆ ಯಂತ್ರ ಬಂದಿದೆ, ಈ ಯಜಮಾನರು ಮಾತ್ರ ತುಳಿಸುವುದನ್ನು ಬಿಟ್ಟಿಲ್ಲ. ತುಳಿದು ಉಳಿದ ಹಿಪ್ಪೆಯನ್ನು ಗುಂಡಗೆ ಒಟ್ಟಿ, ಬಳ್ಳಿ ಸುತ್ತಿ, ಮೇಲೆ ಕಲ್ಲು ಹೇರುತ್ತಾರೆ. ಅದರಿಂದ ತೊಟ್ಟು ತೊಟ್ಟಾಗಿ ಇಳಿಯುವ ತಿಳಿ ರಸವೇ ನೀರೊ. ಅಮಲಿಲ್ಲ, ಹಾಗೇ ಕುಡಿಯಬಹುದು. ಬಿಸಿಲಲ್ಲಿ ಬಂದವರಿಗೆ ಅಮೃತ. ಆದರೆ ಬೆಳಿಗ್ಗೆಯೇ ಕುಡಿಯಬೇಕು, ಮಧ್ಯಾಹ್ನ ಅನ್ನುವಷ್ಟರಲ್ಲಿ ಹುಳಿ ತಿರುಗುತ್ತದೆ.

ತುಳಿದ ರಸವನ್ನು ಡ್ರಮ್ಮಿನಲ್ಲಿ ಮೂರು ದಿನದಷ್ಟು ಬಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ, ಸಕ್ಕರೆ ಹಾಕುವುದಿಲ್ಲ, ನೀರೂ ಬೆರೆಸುವುದಿಲ್ಲ. ತನ್ನಷ್ಟಕ್ಕೇ ಹುದುಗೆದ್ದು ನೊರೆ ಉಕ್ಕುತ್ತದೆ. ನೊರೆ ಕೂತ ಮೇಲೆ ತಾಮ್ರದ ಹಂಡೆಗೆ ಸುರಿದು ಬೆಂಕಿ ಹಾಕುತ್ತಾರೆ. ಹಂಡೆಯ ಬಾಯಿಯ ಸಂದಿಗೆ ಬಟ್ಟೆ ಸುತ್ತಿ, ಹುತ್ತದ ಮಣ್ಣು ಮೆತ್ತುತ್ತಾರೆ. ಬೇರೆ ಮಣ್ಣಾದರೆ ಕಾವಿಗೆ ಬಿರುಕು ಬಿಡುತ್ತದಂತೆ. ರಾಣೆಬೆನ್ನೂರಿನ ಹುಡುಗನ ಕಣ್ಣೆಲ್ಲ ಆ ಮಣ್ಣಿನ ಮೇಲೇ. ಸಣ್ಣ ಗೆರೆ ಬಿಟ್ಟು ಹಬೆ ಸೀಟಿ ಹೊಡೆದರೆ ಸಾಕು, ಬೆರಳಲ್ಲಿ ಹಸಿ ಮಣ್ಣು ತೆಗೆದು ಒತ್ತುತ್ತಿದ್ದ. ಹಬೆ ಕೊಳವೆಯಲ್ಲಿ ಹಾದು ಇನ್ನೊಂದು ಪಾತ್ರೆಗೆ ಹೋಗುತ್ತದೆ. ಆ ಪಾತ್ರೆ ಅರ್ಧ ನೀರಲ್ಲಿ ಮುಳುಗಿದೆ. ಮೇಲ್ಭಾಗ ಬಿಸಿಯಾಗದಂತೆ ಚಿಪ್ಪಿನ ಸೌಟಿನಲ್ಲಿ ತಣ್ಣೀರು ಹೊಯ್ಯುತ್ತಲೇ ಇರಬೇಕು. ಬೆಂಕಿ ಜೋರಾದರೆ ರಸ ತಳ ಹಿಡಿದು ಕಮಟು ಬರುತ್ತದೆ, ಸಣ್ಣಗಾದರೆ ಇಳಿಯುವುದೇ ಇಲ್ಲ. ಅಗ್ಗದ ಫೆನಿಯಲ್ಲಿ ಮೂಗಿಗೆ ಹೊಡೆಯುವ ಸುಟ್ಟ ವಾಸನೆ ಹಣ್ಣಿನದಲ್ಲ, ಅವಸರದ ಬೆಂಕಿಯದು.

ಮೊದಲ ಸಲ ಇಳಿದದ್ದು ಉರ್ರಾಕ್, ಹಗುರ. ಆ ಉರ್ರಾಕನ್ನು ಹುದುಗಿದ ರಸದ ಜೊತೆ ಮತ್ತೆ ಹಂಡೆಗೆ ಹಾಕಿ ಇಳಿಸಿದರೆ ಫೆನಿ, ಶೇಕಡಾ 42ರ ಆಸುಪಾಸು ಆಲ್ಕೋಹಾಲ್ ಇರುವ ಖಾರ. ಯಜಮಾನರು ಚಿಪ್ಪಿನಲ್ಲಿ ಫೆನಿ ತೆಗೆದು ಮೇಲಿಂದ ಸಣ್ಣಗೆ ಸುರಿದು ತೋರಿಸಿದರು. ಮೇಲೆ ಮಣಿಯಂಥ ಗುಳ್ಳೆ ಎದ್ದು ಸ್ವಲ್ಪ ಹೊತ್ತು ನಿಂತವು. ನಿಂತರೆ ಕಸುವು ಸರಿ, ತಕ್ಷಣ ಒಡೆದರೆ ನೀರು ಜಾಸ್ತಿ. ಆಮೇಲೆ ನನ್ನ ಅಂಗೈ ಮೇಲೆ ನಾಲ್ಕು ಹನಿ ಹಾಕಿ ಉಜ್ಜಿಸಿದರು. ಆರಿದ ಮೇಲೂ ಗೇರುಹಣ್ಣಿನ ವಾಸನೆ ಹೋಗಲಿಲ್ಲ. ಕಲಬೆರಕೆಯಾದರೆ ಬರೀ ಸ್ಪಿರಿಟ್ ವಾಸನೆ ಬಂದು ಹಾರಿಹೋಗುತ್ತದೆ ಅಂತ ಹುಡುಗ ಅನುವಾದ ಮಾಡಿದ.

ಇನ್ನು ದುಡ್ಡಿನ ಮಾತು. ಬೀಚ್ ಕಡೆ ಚಂದದ ಬಾಟಲಿಗೆ ಸಾವಿರದ ಮೇಲೆ ಕೇಳಿದ್ದರು. ಇಲ್ಲಿ ಅದರ ಅರ್ಧವೂ ಇಲ್ಲ, ಉರ್ರಾಕ್ ಅಂತೂ ಇನ್ನೂ ಸೋವಿ. ನಾನು ಅಗ್ಗದ್ದನ್ನೇ ಕೇಳುತ್ತಿದ್ದೆ. ಮಾವ ತಡೆದು, ‘ಹೋದ ವರ್ಷದ್ದು ಐತೇನು ಕೇಳು’ ಅಂದರು. ಒಳಗಿಂದ ದೊಡ್ಡ ಹೊಟ್ಟೆಯ ಗಾಜಿನ ಬುದ್ದಲಿ ಬಂತು. ಪೋರ್ಚುಗೀಸರ ಕಾಲದಿಂದ ಅದಕ್ಕೆ ಗರ್ರಾಫಾಂವ್ ಅಂತಲೇ ಹೆಸರು. ಹೊಸ ಫೆನಿ ಗಂಟಲು ಕೆರೆಯುತ್ತದೆ, ಒಂದು ಮಳೆಗಾಲ ಕಂಡದ್ದು ಮೆತ್ತಗೆ ಇಳಿಯುತ್ತದೆ. ರೇಟಿನಲ್ಲಿ ವ್ಯತ್ಯಾಸ ಸುಮಾರು ನೂರು ರೂಪಾಯಿ ಅಷ್ಟೇ. ನನ್ನ ಲೆಕ್ಕದಲ್ಲಿ ಇಡೀ ಗೋವಾದಲ್ಲಿ ದುಡ್ಡಿಗೆ ತಕ್ಕ ಮಾಲು ಅಂದರೆ ಇದೇ. ಸ್ಕಾಚಿಗೆ ಹತ್ತು ಪಟ್ಟು ಸುರಿಯುವವರಿಗೆ ಇದನ್ನೊಮ್ಮೆ ಕುಡಿಸಿ ನೋಡಬೇಕು.

ಚೌಕಾಸಿ ಮಾಡಬೇಡಿ. ಅಕಾಲದ ಮಳೆ ಹೊಡೆದರೆ ಹೂವೇ ಉದುರುತ್ತದೆ. ಕಟ್ಟಿಗೆ, ಕೂಲಿ, ಲೈಸೆನ್ಸು ಎಲ್ಲ ಕಳೆದು ಯಜಮಾನರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಗೇರು ಗುಡ್ಡಗಳಲ್ಲಿ ಭಟ್ಟಿ ಹಾಕುವ ಹಕ್ಕನ್ನೂ ಅಬಕಾರಿ ಇಲಾಖೆ ಹರಾಜು ಹಾಕುತ್ತದೆ. ಆದರೂ ಹಣ್ಣಿಗೆ ಇಲ್ಲಿ ಒಂದು ಬೆಲೆ ಇದೆಯಲ್ಲ ಅನ್ನಿಸಿತು. ನಮ್ಮ ಅಂಕೋಲಾ, ಕುಮಟಾ ಕಡೆ ಬೀಜ ಕಿತ್ತುಕೊಂಡು ಹಣ್ಣನ್ನು ಗಿಡದ ಬುಡದಲ್ಲೇ ಕೊಳೆಯಲು ಬಿಡುತ್ತಾರೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ಬಂದ್ ಆಯಿತು, ಅದರ ಜೊತೆ ಹಣ್ಣಿನ ಮಾತನ್ನೂ ಎಲ್ಲರೂ ಮರೆತರು.

ಮಧ್ಯಾಹ್ನ ವಾಳಪೈ ಪೇಟೆಯ ಸಣ್ಣ ಬಾರಿನಲ್ಲಿ ಉರ್ರಾಕ್ ಹೇಳಿದೆವು. ಅದಕ್ಕೆ ಲಿಮ್ಕಾ, ಒಂದು ಚೂರು ಲಿಂಬೆ, ಚಿಟಿಕೆ ಉಪ್ಪು, ಉದ್ದಕ್ಕೆ ಸೀಳಿದ ಹಸಿಮೆಣಸು. ಜೊತೆಗೆ ಕರಿದ ಮೀನು. ಕುಡಿಯುವಾಗ ಶರಬತ್ತಿನಂತಿರುತ್ತದೆ, ಎದ್ದು ನಿಂತಾಗ ಗೊತ್ತಾಗುತ್ತದೆ. ಮಾವ ಹಾಗಾಗಿ ಮೀನಿಗಷ್ಟೇ ಕೈ ಹಾಕಿದರು, ಸ್ಕೂಟರ್ ಅವರದ್ದು. ಉರ್ರಾಕ್ ಬಹಳ ದಿನ ಇಟ್ಟರೆ ಕೆಡುತ್ತದೆ, ಮಳೆಗಾಲದ ಹೊತ್ತಿಗೆ ಬಾರುಗಳಲ್ಲಿ ಸಿಗುವುದೂ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಬೀಚಿಗೆ ಹೋಗುವವರಿಗೆ ಇದು ಕಣ್ಣಿಗೂ ಬೀಳುವುದಿಲ್ಲ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಭಟ್ಟಿಯ ಬಿಡಿ ಮಾಲನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿಕೊಂಡು ಘಾಟ್ ಹತ್ತಬೇಡಿ, ಚೆಕ್‌ಪೋಸ್ಟಿನಲ್ಲಿ ಗಾಡಿ ತಡೆದರೆ ತೋರಿಸಲು ಕಾಗದ ಇರುವುದಿಲ್ಲ. ಅದನ್ನು ಅಲ್ಲೇ ಕುಡಿದು ಮುಗಿಸಿ. ಒಯ್ಯುವುದಕ್ಕೆ ಫೋಂಡಾ ಅಥವಾ ವಾಳಪೈ ಪೇಟೆಯ ವೈನ್ ಶಾಪಿನಲ್ಲಿ ಸೀಲ್ ಇರುವ ಊರಿನ ಬಾಟಲಿ ಕೇಳಿ. ಲೇಬಲ್ ಪೇಲವವಾಗಿರುತ್ತದೆ, ಅಂಗಡಿಯವನು ಕೆಳಗಿನ ಶೆಲ್ಫಿನಿಂದ ಧೂಳು ಒರೆಸಿ ಕೊಡುತ್ತಾನೆ. ಬಿಲ್ಲು ಕೇಳಿ ಪಡೆಯಿರಿ, ಗಡಿ ದಾಟಿಸಬಹುದೇ, ಯಾವ ಪರ್ಮಿಟ್ಟು ಬೇಕು ಅನ್ನುವುದನ್ನು ಅಬಕಾರಿಯವರಲ್ಲಿ ಮೊದಲೇ ವಿಚಾರಿಸಿಕೊಳ್ಳಿ.