ಸೋಮಾರಿ ಯಜಮಾನನ ಕಂದಕ

ಮೊದಲೇ ಹೇಳಿಬಿಡುತ್ತೇನೆ: ಇಂಗ್ಲೆಂಡಿನ ಐಟಮ್ ಮೋಟ್ ಎಂಬ ಕಂದಕದ ಹಳೇ ಮನೆ ಬರೋ ಗ್ರೀನ್ ಸ್ಟೇಷನ್ನಿಂದ ಐದಾರು ಕಿಲೋಮೀಟರ್ ದೂರ, ಟ್ಯಾಕ್ಸಿ ಹೇಳಿಟ್ಟುಕೊಂಡೇ ಹೋಗಿ. ನಾನು ಮೊಬೈಲ್ ಮ್ಯಾಪ್ ನಂಬಿ ಅಮ್ಮನನ್ನು ಹೊಲದ ಕಾಲುದಾರಿಗೆ ಇಳಿಸಿದೆ. ಅರ್ಧ ದಾರಿಯಲ್ಲಿ ಕಾಲು ಮೇಲೆ ಬಂತು, ಶೂ ಕೆಸರಲ್ಲೇ ಉಳಿಯಿತು. ಕೋಲಿನಿಂದ ಎಬ್ಬಿಸಿದ್ದಾಯಿತು. ಅಮ್ಮ ಆಮೇಲೆ ಮಾತಾಡಲಿಲ್ಲ.

ಲಂಡನ್ನಿನ ಮೂರು ದಿನದ ಬಗ್ಗೆ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಐಟಮ್ ಮೋಟ್ ಇರುವುದು ಕೆಂಟ್ ಪ್ರಾಂತ್ಯದಲ್ಲಿ. 1320ರ ಸುಮಾರಿನದು. ಸುತ್ತ ನೀರು, ಒಳಗೆ ಅಂಗಳ, ಅಂಗಳದ ಸುತ್ತ ಕೋಣೆಗಳು. ಕಂಡದ್ದೇ ಅಮ್ಮನ ಮೌನ ಮುರಿಯಿತು: "ನಮ್ಮ ತೊಟ್ಟಿಮನೇನ ತಂದು ಕೆರೇಲಿ ಇಟ್ಟಂಗಿದೆ ಕಣೋ."

ಒಳಗಿನ ಅಲಂಕಾರ ನನಗೆ ಹಿಡಿಸಲಿಲ್ಲ. ಅಂಗಳದ ನಾಯಿಗೂಡು ಹಿಡಿಸಿತು. ಅದಕ್ಕೂ ಮೊದಲ ದರ್ಜೆಯ ಸ್ಮಾರಕದ ಮರ್ಯಾದೆಯಂತೆ!

ಶ್ರೀರಂಗಪಟ್ಟಣದ ಕಂದಕ ನೋಡಿದ ಕಣ್ಣಿಗೆ ಇದು ಕಾಲುವೆ. ಇಷ್ಟರಿಂದ ಸೈನ್ಯ ನಿಲ್ಲುತ್ತಾ ಎಂದು ಅಲ್ಲಿದ್ದ ಗೈಡ್ ಹೆಂಗಸನ್ನು ಕೇಳಿದೆ. ಕಳ್ಳಕಾಕರು ನಿಂತಾರು, ಸೈನ್ಯ ಎಲ್ಲಿ ಎಂದು ನಕ್ಕರು. 1250ರಿಂದ 1350ರವರೆಗೆ ಮನೆ ಸುತ್ತ ಕಂದಕ ತೋಡಿಸುವುದೇ ಉಳ್ಳವರ ದೊಡ್ಡಸ್ತಿಕೆ. ಜೊತೆಗೆ ಮೀನೂ ಸಿಗುತ್ತಿತ್ತು. ಇಂಗ್ಲೆಂಡಿನಲ್ಲಿ ಇಂಥವು ಸುಮಾರು 6,000. ಬಹಳ ಕಡೆ ಮನೆ ಅಳಿದು ಹೊಲದ ನಡುವೆ ಚೌಕದ ತಗ್ಗಷ್ಟೇ ಉಳಿದಿದೆ. ಆದರೂ ಪುರಾತತ್ವದವರು ಆ ತಗ್ಗಿನ ಹೂಳಿಗೆ ಜೀವ ಬಿಡುತ್ತಾರೆ. ನೀರು ನಿಂತ ಹೂಳಿಗೆ ಗಾಳಿಯಾಡದು. ಒಳಗೆ ಬಿದ್ದ ಮರ, ಚರ್ಮ, ಬೀಜ, ಹೂವಿನ ಪರಾಗ ಕೊಳೆಯದೆ ಇರುತ್ತವೆ. ಮನೆಯವರು ಏನು ತಿಂದರು, ಸುತ್ತ ಏನು ಬೆಳೆದಿತ್ತು, ಎಲ್ಲ ಅದರಲ್ಲೇ. ಒಣಗಿಸಿದರೆ ಮುಗಿಯಿತು.

ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಅಮ್ಮನಿಗೆ ಅನುಮಾನ. "ಇವರು ಹೂಳು ಎತ್ತಲ್ವಾ? ನಾವು ಬೇಸಿಗೇಲಿ ಕೆರೆಗೋಡು ಹೊತ್ತು ಗದ್ದೆಗೆ ಹಾಕ್ತಿದ್ವಲ್ಲ?"

ಕೇಳಿದೆ. ಗೈಡ್ ಮುಖ ಅರಳಿತು. ಎತ್ತುತ್ತಿದ್ದರು, ಅದೇ ತೊಂದರೆ. ಆಗಾಗ ಬಳಿದು ಹಾಕಿದ್ದರಿಂದ ಎಷ್ಟೋ ಕಡೆ ಮೊದಲ ಕಾಲದ ಪದರವೇ ಇಲ್ಲ ಎಂದರು.

"ಹಂಗಾದ್ರೆ ಸೋಮಾರಿ ಯಜಮಾನನ ಕಂದಕಾನೇ ಒಳ್ಳೇದು ಅನ್ನು," ಎಂದರು ಅಮ್ಮ.

ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆಕೆ ನಕ್ಕ ನಗುವಿಗೆ ಸೇತುವೆ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ವಾಪಸ್ ಟ್ಯಾಕ್ಸಿಯಲ್ಲೇ ಬಂದೆವು. ಡ್ರೈವರ್ ಅಮ್ಮನ ಶೂ ನೋಡಿ, ಮಾತಿಲ್ಲದೆ ಕಾಲಡಿಗೆ ನ್ಯೂಸ್‌ಪೇಪರ್ ಹಾಸಿದ.