ಬೆಂಗಳೂರಿನ ಕಂಪನಿಗಳನ್ನು ಬಿಟ್ಟು ಶಾಲೆಗಳು ನಿಮ್ಮ ಬಳಿ ಏಕೆ ಬರುತ್ತವೆ?

ಕಲಬುರಗಿಯಲ್ಲಿ ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಇಷ್ಟು ದೊಡ್ಡ ಕಂಪನಿಗಳಿರುವಾಗ ನೀವು ಬೆಳೆದದ್ದು ಹೇಗೆ? ತೊಗರಿಯಿಂದ ಎನ್ನುತ್ತೇನೆ.

ನಮ್ಮ ಭಾಗದ ಹಳ್ಳಿ, ಹೋಬಳಿಗಳ ಖಾಸಗಿ ಶಾಲೆಗಳಲ್ಲಿ ರೈತರ ಮಕ್ಕಳೇ ಹೆಚ್ಚು. ಜೂನ್ ಹೊತ್ತಿಗೆ ಶಾಲೆ ಶುರುವಾಗುತ್ತದೆ. ಮನೆಯಲ್ಲಿದ್ದ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗುವುದೂ ಆಗಲೇ. ಮುಂಗಾರಿನಲ್ಲಿ ಬಿತ್ತಿದ ತೊಗರಿ ರಾಶಿಯಾಗಲು ಡಿಸೆಂಬರ್ ಇಲ್ಲವೇ ಜನವರಿ ಬರಬೇಕು. ಖರೀದಿ ಕೇಂದ್ರಕ್ಕೆ ಹಾಕಿದರೆ ಹಣ ಖಾತೆಗೆ ಬೀಳುವುದು ಇನ್ನೂ ತಡ. ಶುಲ್ಕ ಕಟ್ಟುವುದು ಅದಾದ ಮೇಲೆ. ಈ ಶಾಲೆಗಳು ಮೊದಲು ಕೊಂಡಿದ್ದ ಸಾಫ್ಟ್‌ವೇರ್‌ಗಳಿಗೆ ಇದು ತಿಳಿಯುತ್ತಿರಲಿಲ್ಲ. ಜುಲೈಯಲ್ಲೇ ಮಗುವಿನ ಹೆಸರು ಬಾಕಿದಾರರ ಪಟ್ಟಿಗೆ ಸೇರುತ್ತಿತ್ತು, ದಂಡ ಏರುತ್ತಿತ್ತು, ತಂದೆಯ ಮೊಬೈಲ್‌ಗೆ ಎಚ್ಚರಿಕೆಯ ಸಂದೇಶ ಹೋಗುತ್ತಿತ್ತು. ಮರುದಿನ ಆ ತಂದೆ ಮುಖ್ಯ ಶಿಕ್ಷಕರ ಮುಂದೆ ನಿಂತು, ‘ನಾನು ಎಂದಾದರೂ ಮಾತು ತಪ್ಪಿದ್ದೇನೆಯೇ?’ ಎಂದು ಕೇಳುತ್ತಿದ್ದರು. ಹಾಗಾಗಿ ಮೇಜಿನ ಮೇಲೆ ಕಂಪ್ಯೂಟರ್ ಇದ್ದರೂ ಗುಮಾಸ್ತರು ರಟ್ಟಿನ ಖಾತೆ ಪುಸ್ತಕವನ್ನು ಬಿಟ್ಟಿರಲಿಲ್ಲ.

ಆ ಪುಸ್ತಕಗಳನ್ನು ನಾವು ಕುಳಿತು ಓದಿದೆವು. ಹೆಸರುಗಳ ಎದುರು ‘ರಾಶಿ ಆದ ಮೇಲೆ’, ‘ಅರ್ಧ ಈಗ, ಉಳಿದದ್ದು ಸಂಕ್ರಾಂತಿಗೆ’, ‘ತಂದೆ ಪುಣೆಗೆ ಗುಳೆ, ಅಜ್ಜ ಕೊಡುತ್ತಾರೆ’ ಎಂದು ಬರೆದಿತ್ತು. ನಮ್ಮ ಸಾಫ್ಟ್‌ವೇರ್ ಹುಟ್ಟಿದ್ದು ಈ ಬರಹಗಳಿಂದ. ಕುಟುಂಬಕ್ಕೊಂದು ಕಂತು, ಕುಟುಂಬಕ್ಕೊಂದು ದಿನಾಂಕ; ಒಪ್ಪಿದ ದಿನ ದಾಟುವವರೆಗೆ ಅದು ಬಾಕಿಯೇ ಅಲ್ಲ. 2022ರ ಕೊನೆಯಲ್ಲಿ ನೆಟೆ ರೋಗಕ್ಕೆ ತೊಗರಿ ಹೊಲದಲ್ಲೇ ಒಣಗಿದಾಗ ಕಂತುಗಳನ್ನು ಒಂದೊಂದಾಗಿ ಮುಂದೂಡುವುದು ಗುಮಾಸ್ತರ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಒಂದು ಊರಿನ ಎಲ್ಲ ಮಕ್ಕಳ ದಿನಾಂಕವನ್ನು ಒಟ್ಟಿಗೇ ಸರಿಸುವ ಸೌಲಭ್ಯವನ್ನು ಆಗ ಸೇರಿಸಿದೆವು. ಅದಾದ ಮೇಲೆಯೇ ಜೇವರ್ಗಿ, ಆಳಂದ, ಶಹಾಪುರದ ಕಡೆಯ ಶಾಲೆಗಳು ಒಬ್ಬರಿಂದೊಬ್ಬರು ಕೇಳಿಕೊಂಡು ಬಂದದ್ದು. ನಿಜವಾದ ಬೆಳವಣಿಗೆ ಎಂದರೆ ಅದೇ.

ಮಕ್ಕಳ ವಿವರ ದಾಖಲಿಸುವ ರಾಜ್ಯ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್ ಇದೆಯಲ್ಲ ಎಂದೂ ಕೆಲವರು ಕೇಳುತ್ತಾರೆ. ಅದು ಮಕ್ಕಳ ದಾಖಲಾತಿಗೆ ಬೇಕೇ ಬೇಕು, ಆದರೆ ಶಾಲೆಯ ದಿನನಿತ್ಯದ ಶುಲ್ಕದ ಲೆಕ್ಕ ಅದರ ಕೆಲಸವಲ್ಲ. ಎಸ್‌ಎಟಿಎಸ್, ಕೇಂದ್ರ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್ ಪ್ಲಸ್, ಆಧಾರ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮೊದಲೇ ಹೋಲಿಸಿ ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ಶರಣಬಸಪ್ಪ ಎಂದು ಬರೆಯಲು ನಮ್ಮ ಜಿಲ್ಲೆಯಲ್ಲಿ ಎಷ್ಟು ಬಗೆಗಳಿವೆ ಎಂಬುದು ಗುಮಾಸ್ತರಿಗೆ ಗೊತ್ತು!

ಒಂದು ವಿಷಯದಲ್ಲಿ ಮಾತ್ರ ನಾವು ಬಗ್ಗುವುದಿಲ್ಲ. ಶುಲ್ಕ ಬಾಕಿ ಇದ್ದರೆ ಅಂಕಪಟ್ಟಿ, ವರ್ಗಾವಣೆ ಪತ್ರ ಮುದ್ರಣವಾಗದಂತೆ ಬೀಗ ಹಾಕಿಕೊಡಿ ಎಂದು ಕೆಲವು ಆಡಳಿತ ಮಂಡಳಿಗಳು ಕೇಳುತ್ತವೆ. ಹಾಕಿಕೊಡುವುದಿಲ್ಲ. ವರ್ಗಾವಣೆ ಪತ್ರವನ್ನು ಮುಖ್ಯ ಶಿಕ್ಷಕರು ತಕ್ಷಣ ಕೊಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಹೇಳದಿದ್ದರೂ ದೊಡ್ಡವರ ಲೆಕ್ಕಕ್ಕೆ ಮಗುವನ್ನು ಒತ್ತೆ ಇಡುವುದು ತಪ್ಪು. ಇದೇ ಕಾರಣಕ್ಕೆ ಕೆಲವು ಶಾಲೆಗಳು ನಮ್ಮನ್ನು ಬಿಟ್ಟು ಹೋಗಿವೆ.

ಬಂಡವಾಳ ತಂದು ಬೇಗ ಬೆಳೆಯಿರಿ ಎಂದು ಸಲಹೆ ಕೊಡುವವರಿಗೆ ಎಜುಕಾಂಪ್ ಅನ್ನು ನೆನಪಿಸುತ್ತೇನೆ. ದೇಶದ ಸಾವಿರಾರು ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಒದಗಿಸಿದ ಆ ಕಂಪನಿ ಸಾಲದಲ್ಲಿ ಸಿಲುಕಿ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಶಾಲೆಯ ಕೈಗೆ ದುಡ್ಡು ಬರುವುದೇ ನಿಧಾನ. ಶಾಲೆಯನ್ನು ನಂಬಿದ ಕಂಪನಿ ಅದಕ್ಕಿಂತ ಜೋರಾಗಿ ಓಡಲು ಸಾಧ್ಯವಿಲ್ಲ. ನಾವೂ ನಮ್ಮ ವಾರ್ಷಿಕ ಶುಲ್ಕವನ್ನು ಶಾಲೆಗಳಿಂದ ಫೆಬ್ರುವರಿಯಲ್ಲೇ ಪಡೆಯುತ್ತೇವೆ.

ಈಗ ಬೀದರ್ ಜಿಲ್ಲೆಯ ಶಾಲೆಗಳು ಕರೆಯುತ್ತಿವೆ. ಅಲ್ಲಿ ಸೋಯಾ ಅಕ್ಟೋಬರ್ ಹೊತ್ತಿಗೆ ಕೈಸೇರುತ್ತದೆ. ಕಬ್ಬು ಬೆಳೆದವರು ಕಾರ್ಖಾನೆಯ ಬಿಲ್ಲಿಗೆ ಕಾಯಬೇಕು. ಔರಾದ್, ಬಸವಕಲ್ಯಾಣದ ಕಡೆ ಮರಾಠಿ ಮಾಧ್ಯಮದ ಶಾಲೆಗಳಿಗೆ ರಸೀದಿಯೂ ಮರಾಠಿಯಲ್ಲೇ ಬೇಕು. ಅಲ್ಲಿನ ಬೆಳೆಗಳಿಗೆ ಹೊಂದುವ ಕಂತು, ಮರಾಠಿ ರಸೀದಿ ಎರಡೂ ಸಿದ್ಧವಾಗುವವರೆಗೆ ಅಲ್ಲಿ ಯಾರಿಂದಲೂ ಮುಂಗಡ ಪಡೆಯುವುದಿಲ್ಲ ಎಂದು ತಿಳಿಸಿದ್ದೇವೆ.